ಕುರ್ಚಿಗೆ ಕಟ್ಟಿದ ವಿಮೆ

ಆರ್ಥಿಕ ವರ್ಷ ಬದಲಾಗುವ ಹೊತ್ತಿಗೆ ಮುಂಬಯಿಯ ಅಂಧೇರಿ, ಪುಣೆಯ ಹಿಂಜವಡಿ, ಹೈದರಾಬಾದಿನ ಗಚ್ಚಿಬೌಲಿ, ಚೆನ್ನೈನ ಸಿರುಸೇರಿ, ದೆಹಲಿಯ ಮಗ್ಗುಲಿನ ಗುರುಗ್ರಾಮಗಳ ಎಷ್ಟೋ ಕಚೇರಿಗಳಲ್ಲಿ ದುಡಿಯುವವರಿಗೆ ಎಚ್‌ಆರ್ ವಿಭಾಗದಿಂದ ಒಂದು ಇಮೇಲ್ ಬರುತ್ತದೆ. ಸಂಬಳ ಹೆಚ್ಚಳದ ಪತ್ರವನ್ನು ಎರಡೆರಡು ಸಲ ಓದುವವರು ಇದನ್ನು ಒಂದು ಸಲವೂ ಪೂರ್ತಿಯಾಗಿ ಓದುವುದಿಲ್ಲ. ಕಂಪನಿಯ ಗುಂಪು ಆರೋಗ್ಯ ವಿಮೆ ನವೀಕರಣಗೊಂಡಿದೆ ಎಂಬ ಸಂತಸದ ಸಾಲಿನ ಕೆಳಗೆ ನಾಲ್ಕಾರು ಬದಲಾವಣೆಗಳು ಅಡಗಿರುತ್ತವೆ. ತಂದೆತಾಯಿಯರ ಕಂತನ್ನು ಇನ್ನು ಮುಂದೆ ಉದ್ಯೋಗಿಯೇ ಭರಿಸತಕ್ಕದ್ದು. ಅವರ ಚಿಕಿತ್ಸೆಯ ಬಿಲ್ಲಿನಲ್ಲಿ ಶೇ. 20ರಷ್ಟನ್ನು ಕೈಯಿಂದ ಕೊಡತಕ್ಕದ್ದು. ಕೊಠಡಿಯ ದಿನಬಾಡಿಗೆ ವಿಮಾ ಮೊತ್ತದ ಶೇ. 1ನ್ನು ಮೀರತಕ್ಕದ್ದಲ್ಲ. ವಿಮಾ ಮೊತ್ತ ಮಾತ್ರ ಹಲವು ವರ್ಷಗಳ ಹಿಂದೆ ಎಲ್ಲಿತ್ತೋ ಆ 3 ಲಕ್ಷ ರೂಪಾಯಿಯಲ್ಲೇ ನಿಂತಿರುತ್ತದೆ.

ಕೊಠಡಿ ಬಾಡಿಗೆಯ ಷರತ್ತು ನೋಡಲು ಸಣ್ಣದು. 3 ಲಕ್ಷದ ಶೇ. 1 ಎಂದರೆ ದಿನಕ್ಕೆ 3,000 ರೂಪಾಯಿ. ಮಹಾನಗರದ ದೊಡ್ಡ ಆಸ್ಪತ್ರೆಯಲ್ಲಿ ಆ ಬಾಡಿಗೆಗೆ ಸಿಗುವ ಹಾಸಿಗೆ ಖಾಲಿ ಇಲ್ಲದೆ ರೋಗಿಯನ್ನು 6,000 ರೂಪಾಯಿಯ ಕೊಠಡಿಗೆ ಸೇರಿಸಿದರೆ, ಹೆಚ್ಚಿನ ಮೂರು ಸಾವಿರವನ್ನು ಕೈಯಿಂದ ಕೊಟ್ಟರಾಯಿತು ಎಂದು ಕುಟುಂಬ ಭಾವಿಸುತ್ತದೆ. ವಾಸ್ತವದಲ್ಲಿ ಅಂಥ ಪಾಲಿಸಿಗಳಲ್ಲಿ ವೈದ್ಯರ ಭೇಟಿಯ ಶುಲ್ಕ, ಶಸ್ತ್ರಚಿಕಿತ್ಸಕರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ ಎಲ್ಲವೂ ಅದೇ ಪ್ರಮಾಣದಲ್ಲಿ, ಅಂದರೆ ಅರ್ಧಕ್ಕೆ, ಕಡಿತವಾಗುತ್ತವೆ. ಕೊಠಡಿಯನ್ನು ಆರಿಸಿದ ತಪ್ಪಿಗೆ ಇಡೀ ಬಿಲ್ಲು ದಂಡ ತೆರುತ್ತದೆ. ಇದು ಗೊತ್ತಾಗುವುದು ಡಿಸ್ಚಾರ್ಜ್ ದಿನ ಬಿಲ್ಲಿಂಗ್ ಕೌಂಟರಿನ ಮುಂದೆ.

ಹೊರನಾಡಿನ ಕನ್ನಡ ಕುಟುಂಬಗಳಿಗೆ ಈ ಇಮೇಲಿನ ಪೆಟ್ಟು ತುಸು ಹೆಚ್ಚೇ ತಗಲುತ್ತದೆ. ಮಕ್ಕಳು ಠಾಣೆಯಲ್ಲೋ ಸಿಕಂದರಾಬಾದಿನಲ್ಲೋ ಇರುತ್ತಾರೆ. ವಯಸ್ಸಾದ ತಂದೆತಾಯಿಯರು ಬೆಳಗಾವಿಯಲ್ಲೋ ಹಾಸನದಲ್ಲೋ ಕಾರ್ಕಳದಲ್ಲೋ ಊರಿನ ಮನೆ, ಒಂದಿಷ್ಟು ಹೊಲ, ಬಸದಿಯ ದಾರಿ ಬಿಡಲೊಲ್ಲದೆ ಉಳಿದಿರುತ್ತಾರೆ. ತಾಯಿಯ ಮೊಣಕಾಲು ಸವೆದಿದೆ, ತಂದೆಗೆ ಸಕ್ಕರೆ ಕಾಯಿಲೆ ಮೂತ್ರಪಿಂಡದ ತನಕ ಬಂದಿದೆ ಎಂಬ ಸುದ್ದಿ ಫೋನಿನಲ್ಲಿ ಬಂದಾಗ, ದೂರದಲ್ಲಿರುವ ಮಗ ಅಥವಾ ಮಗಳು ಮೊದಲು ಹುಡುಕುವುದು ಕಂಪನಿಯ ವಿಮಾ ಕಾರ್ಡನ್ನು. ಎಷ್ಟೋ ಮನೆಗಳಲ್ಲಿ ಆ ಕಾರ್ಡಿನ ಹೊರತು ಬೇರೆ ಯಾವ ಆಸರೆಯೂ ಇಲ್ಲ. ಆ ಆಸರೆಯೇ ಈಗ ವರ್ಷದಿಂದ ವರ್ಷಕ್ಕೆ ದುಬಾರಿಯಾಗುತ್ತ, ಅದೇ ವೇಗದಲ್ಲಿ ತೆಳುವಾಗುತ್ತಲೂ ಇದೆ.

ಕಾರಣ ಕೇಳಿದರೆ ಕಂಪನಿಯು ವಿಮಾ ಸಂಸ್ಥೆಯನ್ನು, ವಿಮಾ ಸಂಸ್ಥೆ ಆಸ್ಪತ್ರೆಯನ್ನು, ಆಸ್ಪತ್ರೆ ಉಪಕರಣ ಮತ್ತು ಔಷಧದ ಬೆಲೆಯನ್ನು ತೋರಿಸುತ್ತದೆ. ಮೂವರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಗುಂಪು ವಿಮೆಯ ಕಂತನ್ನು ನಿಗದಿ ಮಾಡುವ ಲೆಕ್ಕವೇ ಬೇರೆ ಬಗೆಯದು. ಅದನ್ನು ತಿಳಿಯದೆ ಈ ಏರಿಕೆ ಅರ್ಥವಾಗುವುದಿಲ್ಲ.

ವ್ಯಕ್ತಿಯೊಬ್ಬ ತಾನೇ ಕೊಳ್ಳುವ ಪಾಲಿಸಿಯಲ್ಲಿ ಅವನ ವಯಸ್ಸಿನ ಲಕ್ಷಾಂತರ ಜನರ ಸರಾಸರಿಯ ಮೇಲೆ ದರ ನಿಂತಿರುತ್ತದೆ. ಅವನು ಈ ವರ್ಷ ಆಸ್ಪತ್ರೆ ಸೇರಿದನೆಂದು ಮುಂದಿನ ವರ್ಷ ಅವನೊಬ್ಬನ ಕಂತನ್ನು ಏರಿಸುವಂತಿಲ್ಲ. ಕಂಪನಿಯ ಗುಂಪು ಪಾಲಿಸಿಗೆ ಈ ರಕ್ಷಣೆಯಿಲ್ಲ. ಅಲ್ಲಿ ನೋಡುವುದು ಆ ಕಂಪನಿಯ ನೌಕರರು ಹಿಂದಿನ ವರ್ಷ ಎಷ್ಟು ಕ್ಲೇಮು ಮಾಡಿದರು ಎಂಬುದನ್ನು. ಲೆಕ್ಕಕ್ಕೆಂದು ಅರುವತ್ತು ಮಂದಿ ನೌಕರರ ಒಂದು ಸಂಸ್ಥೆಯನ್ನು ಊಹಿಸಿಕೊಳ್ಳಬಹುದು. ಅದು ವರ್ಷಕ್ಕೆ 12 ಲಕ್ಷ ರೂಪಾಯಿ ಕಂತು ಕಟ್ಟುತ್ತಿದೆ. ಆ ವರ್ಷ ಒಬ್ಬರ ಕ್ಯಾನ್ಸರ್ ಚಿಕಿತ್ಸೆ, ಅವಧಿಗೆ ಮುನ್ನ ಹುಟ್ಟಿದ ಒಂದು ಮಗುವಿನ ಆರೈಕೆ, ಇನ್ನೊಂದಿಷ್ಟು ಜ್ವರ, ಹೆರಿಗೆ, ಕಣ್ಣಿನ ಪೊರೆಗಳು ಸೇರಿ 15 ಲಕ್ಷದ ಕ್ಲೇಮು ಆಯಿತೆನ್ನೋಣ. ನವೀಕರಣದ ವೇಳೆ ವಿಮಾ ಸಂಸ್ಥೆ ಈ 15 ಲಕ್ಷದ ಮೇಲೆ ವೈದ್ಯಕೀಯ ಬೆಲೆಯೇರಿಕೆಯೆಂದು ಶೇ. 13 ಸೇರಿಸುತ್ತದೆ, 16.95 ಲಕ್ಷವಾಯಿತು. ಆಡಳಿತ, ಬ್ರೋಕರ್ ದಲ್ಲಾಳಿ, ಟಿಪಿಎ ಶುಲ್ಕ, ಲಾಭಗಳಿಗೆ ನೂರಕ್ಕೆ ಇಪ್ಪತ್ತು ರೂಪಾಯಿ ಉಳಿಯಬೇಕೆಂದರೆ ಹೊಸ ಕಂತು ಸುಮಾರು 21.2 ಲಕ್ಷ. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 25 ಲಕ್ಷ. ಹಿಂದಿನ ವರ್ಷ ತೆರಿಗೆ ಸೇರಿ ತಲಾ 23,600 ರೂಪಾಯಿ ಇದ್ದದ್ದು ಈಗ ತಲಾ 41,700ರ ಹತ್ತಿರ ಬಂತು. ಯಾರೂ ವಂಚನೆ ಮಾಡಿಲ್ಲ. ಇಬ್ಬರು ಕಾಯಿಲೆ ಬಿದ್ದರು, ಅಷ್ಟೆ.

ವಿಮೆಯೆಂಬ ಏರ್ಪಾಟಿನ ಜೀವಾಳವೇ ಅನೇಕರು ಸೇರಿ ಕೆಲವರ ಕಷ್ಟವನ್ನು ಹೊರುವುದು. ಲಕ್ಷ ನೌಕರರಿರುವ ಕಂಪನಿಯಲ್ಲಿ ಅದು ಸಾಧ್ಯ. ಹತ್ತು ಕ್ಯಾನ್ಸರ್ ರೋಗಿಗಳ ಖರ್ಚು ಅಲ್ಲಿ ಸಮುದ್ರಕ್ಕೆ ಬಿದ್ದ ಮಳೆಹನಿ. ಅರುವತ್ತು ಮಂದಿಯ ಕಚೇರಿಯಲ್ಲಿ ಈ ವರ್ಷದ ರೋಗಿಯ ಬಿಲ್ಲನ್ನು ಮುಂದಿನ ವರ್ಷ ಆ ಕಚೇರಿಯೇ ಬಡ್ಡಿ ಸಮೇತ ತೀರಿಸುತ್ತದೆ. ಇದನ್ನು ವಿಮೆ ಎನ್ನುವುದಕ್ಕಿಂತ ಒಂದು ವರ್ಷದ ಸಾಲ ಎನ್ನುವುದು ಹೆಚ್ಚು ಸರಿ. ಮುಂಬಯಿ, ಪುಣೆಗಳಲ್ಲಿ ಕನ್ನಡಿಗರು ಕಟ್ಟಿ ಬೆಳೆಸಿದ ಹೋಟೆಲು, ಸಣ್ಣ ಕಾರ್ಖಾನೆ, ಲೆಕ್ಕಪರಿಶೋಧಕರ ಕಚೇರಿ, ಸಾರಿಗೆ ಏಜೆನ್ಸಿಗಳಲ್ಲಿ ನೌಕರರ ಮೇಲಿನ ಕಾಳಜಿಯಿಂದ ಗುಂಪು ವಿಮೆ ಮಾಡಿಸಿದ ಮಾಲೀಕರು ಎರಡನೆಯ ಅಥವಾ ಮೂರನೆಯ ವರ್ಷಕ್ಕೆ ಕೈಚೆಲ್ಲಲು ಇದೇ ಕಾರಣ. ಇದರಲ್ಲಿ ಇನ್ನೂ ಕೆಟ್ಟ ಪ್ರಲೋಭನೆಯೊಂದಿದೆ. ಕಂತು ಏರುವುದು ವಯಸ್ಸಾದವರಿಂದ, ರೋಗಿಗಳಿಂದ ಎಂದು ಮಾಲೀಕನಿಗೆ ವರ್ಷವರ್ಷವೂ ಅಂಕಿಯಲ್ಲಿ ತೋರಿಸಿಕೊಟ್ಟರೆ, ಐವತ್ತು ದಾಟಿದ ಅನುಭವಿಯನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಅವನ ಕೈ ಹಿಂಜರಿಯದೆ ಇರುತ್ತದೆಯೇ?

ಹಾಗಾದರೆ ಹಿಂದೆ ಇದು ಅಗ್ಗವಾಗಿದ್ದದ್ದು ಹೇಗೆ ಎಂಬ ಪ್ರಶ್ನೆ ಸಹಜ. ಸರಕಾರಿ ಸಾಮಾನ್ಯ ವಿಮಾ ಸಂಸ್ಥೆಗಳು ಮೆಡಿಕ್ಲೇಮ್ ಪಾಲಿಸಿಯನ್ನು ತಂದದ್ದು 1986ರಲ್ಲಿ. ಆಗ ಅಗ್ನಿ, ಎಂಜಿನಿಯರಿಂಗ್ ಮೊದಲಾದ ವಿಮೆಗಳ ದರಗಳು ನಿಗದಿಯಾಗಿದ್ದು ಅವುಗಳಲ್ಲಿ ಒಳ್ಳೆಯ ಲಾಭವಿತ್ತು. ಕಾರ್ಖಾನೆಯ ಅಗ್ನಿವಿಮೆಯ ದೊಡ್ಡ ವ್ಯವಹಾರವನ್ನು ಹಿಡಿದಿಟ್ಟುಕೊಳ್ಳಲು ನೌಕರರ ಆರೋಗ್ಯ ವಿಮೆಯನ್ನು ನಷ್ಟಕ್ಕಾದರೂ ಕೊಡುವುದು ವಾಡಿಕೆಯಾಗಿತ್ತು. ಸೊಪ್ಪು ಕೊಂಡವರಿಗೆ ಕೊತ್ತಂಬರಿ ಕೊಸರು ಹಾಕಿದಂತೆ. 2007ರ ಜನವರಿ 1ರಿಂದ ಆ ದರಗಳ ನಿಯಂತ್ರಣ ಹೋಯಿತು. ಪೈಪೋಟಿಯಲ್ಲಿ ಅಗ್ನಿವಿಮೆಯ ಲಾಭ ಕರಗಿತು, ಕೊಸರಿನ ಕಾಲ ಮುಗಿಯಿತು. ಆ ಮೇಲೂ ಹಲವು ವರ್ಷ ಸರಕಾರಿ ವಿಮಾ ಸಂಸ್ಥೆಗಳು ಗುಂಪು ಆರೋಗ್ಯ ವಿಮೆಯಲ್ಲಿ ನೂರು ರೂಪಾಯಿ ಕಂತು ಪಡೆದು ನೂರಕ್ಕೂ ಹೆಚ್ಚು ರೂಪಾಯಿ ಕ್ಲೇಮು ಕೊಟ್ಟಿವೆ. ಆದುದರಿಂದ ಇಡೀ ಏರಿಕೆಯನ್ನು ವಿಮಾ ಸಂಸ್ಥೆಗಳ ದುರಾಸೆಯ ಲೆಕ್ಕಕ್ಕೆ ಬರೆದುಬಿಡುವುದು ನ್ಯಾಯವಲ್ಲ. ಮೊದಲ ವರ್ಷ ನಷ್ಟದ ದರಕ್ಕೆ ಗಿರಾಕಿಯನ್ನು ಸೆಳೆದು, ಮರುವರ್ಷ ಏಕಾಏಕಿ ಏರಿಸುವ ಅವರ ಚಾಳಿಯನ್ನು ಮಾತ್ರ ಖಂಡಿಸಲೇಬೇಕು.

ಬೆಲೆಯೇರಿಕೆಯ ಮೂಲ ಆಸ್ಪತ್ರೆಯಲ್ಲಿದೆ. ಭಾರತದಲ್ಲಿ ವೈದ್ಯಕೀಯ ವೆಚ್ಚ ವರ್ಷಕ್ಕೆ ಶೇ. 12ರಿಂದ 14ರ ಆಸುಪಾಸಿನಲ್ಲಿ ಏರುತ್ತಿದೆ ಎಂದು ವಿಮಾ ಸಲಹಾ ಸಂಸ್ಥೆಗಳು ಅಂದಾಜು ಮಾಡುತ್ತ ಬಂದಿವೆ. ಸಂಬಳ ಆ ವೇಗದಲ್ಲಿ ಏರುವುದಿಲ್ಲ. ಬೆಲೆಗೆ ಕಡಿವಾಣ ಹಾಕಲಾಗದು ಎಂಬ ವಾದ ಸುಳ್ಳೆಂಬುದಕ್ಕೆ ಹೃದಯದ ಸ್ಟೆಂಟೇ ಸಾಕ್ಷಿ. 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ, ಸಾದಾ ಸ್ಟೆಂಟಿಗೆ 7,260 ರೂಪಾಯಿ ಮಿತಿ ವಿಧಿಸಿತು. ಅಲ್ಲಿಯವರೆಗೆ ಲಕ್ಷ ರೂಪಾಯಿ ದಾಟಿ ಮಾರಾಟವಾಗುತ್ತಿದ್ದ ವಸ್ತು ಅದು. ಅದೇ ವರ್ಷ ಆಗಸ್ಟಿನಲ್ಲಿ ಮೊಣಕಾಲು ಕೀಲಿನ ಬೆಲೆಗೂ ಮಿತಿ ಬಂತು. ದೇಶದಲ್ಲಿ ಹೃದ್ರೋಗ ಚಿಕಿತ್ಸೆಯೇನೂ ನಿಂತುಹೋಗಲಿಲ್ಲ.

ಆದರೆ ವಸ್ತುವಿನ ಬೆಲೆಯಿಂದ ಚಿಕಿತ್ಸೆಯ ಬೆಲೆಗೆ ಬಂದ ಕೂಡಲೇ ಸರಕಾರಗಳ ಧೈರ್ಯ ಉಡುಗುತ್ತದೆ. ಕರ್ನಾಟಕದಲ್ಲೇ ಅದು ನಡೆದಿದೆ. ಖಾಸಗಿ ಆಸ್ಪತ್ರೆಗಳ ದರ ಮತ್ತು ಹೊಣೆಗಾರಿಕೆಯನ್ನು ಬಿಗಿಗೊಳಿಸುವ ತಿದ್ದುಪಡಿ ಮಸೂದೆ 2017ರಲ್ಲಿ ಬಂದಾಗ, ನವೆಂಬರಿನ ಬೆಳಗಾವಿ ಅಧಿವೇಶನದ ಹೊತ್ತಿಗೆ ಖಾಸಗಿ ವೈದ್ಯರು ರಾಜ್ಯಾದ್ಯಂತ ಮುಷ್ಕರ ಹೂಡಿದರು. ಹೊರರೋಗಿ ವಿಭಾಗಗಳು ಮುಚ್ಚಿದವು. ಕೊನೆಗೆ ಅಂಗೀಕಾರವಾದದ್ದು ಹಲ್ಲು ಕಿತ್ತ ಮಸೂದೆ. ಸರಕಾರಿ ಯೋಜನೆಗಳ ಅಡಿಯ ಚಿಕಿತ್ಸೆಗೆ ದರ ನಿಗದಿ, ಉಳಿದವರಿಗೆ ದರಪಟ್ಟಿಯನ್ನು ಗೋಡೆಗೆ ತೂಗುಹಾಕುವ ಸಮಾಧಾನ. ಕೇಂದ್ರದ ಕತೆಯೂ ಭಿನ್ನವಲ್ಲ. 2010ರ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಅಡಿ 2012ರಲ್ಲಿ ಮಾಡಿದ ನಿಯಮಗಳಲ್ಲೇ ದರದ ವ್ಯಾಪ್ತಿ ನಿಗದಿ ಮಾಡಬೇಕೆಂದು ಬರೆದಿದೆ. ಅದನ್ನು ಏಕೆ ಮಾಡಿಲ್ಲವೆಂದು 2024ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಕೇಂದ್ರವನ್ನು ಖಾರವಾಗಿಯೇ ಪ್ರಶ್ನಿಸಿತು. ರಾಜ್ಯಗಳು ಉತ್ತರಿಸುತ್ತಿಲ್ಲವೆಂಬುದು ಕೇಂದ್ರದ ಸಮಜಾಯಿಷಿಯಾಗಿತ್ತು. ಹನ್ನೆರಡು ವರ್ಷ ಪತ್ರಕ್ಕೆ ಉತ್ತರ ಬರಲಿಲ್ಲವೆಂದರೆ ಯಾರೂ ಉತ್ತರವನ್ನು ಬಯಸಿರಲಿಲ್ಲ ಎಂದೇ ಅರ್ಥ.

ಈ ನಡುವೆ ಸರಕಾರ ತಾನೇ ನೇರವಾಗಿ ಸೇರಿಸುವ ಹೊರೆಯೊಂದಿದೆ. ಆರೋಗ್ಯ ವಿಮಾ ಕಂತಿನ ಮೇಲೆ 2017ರ ಜುಲೈನಿಂದ ಶೇ. 18 ಜಿಎಸ್‌ಟಿ ಇತ್ತು. 2024ರ ಜುಲೈನಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿಯವರೇ, ನಾಗಪುರದ ವಿಮಾ ನೌಕರರ ಸಂಘದ ಮನವಿಯ ಮೇರೆಗೆ, ಇದನ್ನು ಕೈಬಿಡಬೇಕೆಂದು ಹಣಕಾಸು ಸಚಿವರಿಗೆ ಪತ್ರ ಬರೆದರು. ಮರುತಿಂಗಳು ವಿರೋಧ ಪಕ್ಷಗಳು ಸಂಸತ್ತಿನ ಅಂಗಳದಲ್ಲಿ ಪ್ರತಿಭಟಿಸಿದವು. ಒಂದು ವರ್ಷದ ಚರ್ಚೆಯ ಮೇಲೆ, 2025ರ ಸೆಪ್ಟೆಂಬರ್ 3ರಂದು ಸೇರಿದ 56ನೆಯ ಜಿಎಸ್‌ಟಿ ಮಂಡಳಿ ಸಭೆ ವೈಯಕ್ತಿಕ ಆರೋಗ್ಯ ವಿಮೆ ಮತ್ತು ಜೀವ ವಿಮೆಗಳನ್ನು ತೆರಿಗೆಯಿಂದ ಪೂರ್ತಿ ಮುಕ್ತಗೊಳಿಸಿತು. ಸೆಪ್ಟೆಂಬರ್ 22ರಿಂದ ಅದು ಜಾರಿಗೆ ಬಂತು. ನಿರ್ಧಾರ ಸ್ವಾಗತಾರ್ಹವೇ. ಆದರೆ ಗುಂಪು ವಿಮೆಯನ್ನು ಹೊರಗಿಟ್ಟರು. ಕಚೇರಿಯ ಮೂಲಕ ವಿಮೆ ಪಡೆಯುವವರು ಇಂದಿಗೂ ಶೇ. 18 ತೆರುತ್ತಿದ್ದಾರೆ. ಮಾಲೀಕರು ಕಟ್ಟಿದ ಈ ತೆರಿಗೆಗೆ, ಕಾನೂನು ವಿಮೆಯನ್ನು ಕಡ್ಡಾಯ ಮಾಡಿದ ಸಂದರ್ಭದ ಹೊರತು, ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಕೂಡ ಸಿಗುವುದಿಲ್ಲ. ಹಾಗಾಗಿ ಅದು ನೇರ ವೆಚ್ಚ. ಮಾಲೀಕರು ವರ್ಷಕ್ಕೆ ವಿಮೆಗೆಂದು ಇಷ್ಟು ಎಂದು ಎತ್ತಿಟ್ಟ ಹಣದಲ್ಲಿ ಸುಮಾರು ಏಳನೆಯ ಒಂದು ಭಾಗ ವಿಮೆಯಾಗುವ ಮೊದಲೇ ಬೊಕ್ಕಸ ಸೇರುತ್ತದೆ.

ತಂದೆತಾಯಿಯರ ಕಂತನ್ನು ಉದ್ಯೋಗಿಯ ಸಂಬಳದಿಂದ ಕಡಿದುಕೊಳ್ಳುವಲ್ಲಿ ಈ ಭೇದ ಕಣ್ಣಿಗೆ ಹೊಡೆಯುತ್ತದೆ. 50,000 ರೂಪಾಯಿಯ ಪಾಲಿಸಿಯನ್ನು ಮಗನೇ ಅಂಗಡಿಯಲ್ಲಿ ಕೊಂಡಂತೆ ನೇರವಾಗಿ ಕೊಂಡರೆ 50,000. ಅಷ್ಟೇ ಕಂತಿನ ರಕ್ಷಣೆ ಕಚೇರಿಯ ಗುಂಪಿನ ಮೂಲಕ ಬಂದರೆ 59,000. ಹಣ ಎರಡೂ ಕಡೆ ಅದೇ ಜೇಬಿನದು, ರೋಗಿ ಅದೇ ತಾಯಿ. ಹಿರಿಯ ನಾಗರಿಕರಾದ ತಂದೆತಾಯಿಯರ ಕಂತಿಗೆ ಆದಾಯ ತೆರಿಗೆಯ 80ಡಿ ಕಲಮಿನಡಿ 50,000 ರೂಪಾಯಿವರೆಗೆ ಸಿಗುತ್ತಿದ್ದ ವಿನಾಯಿತಿಯೂ ಹೊಸ ತೆರಿಗೆ ಪದ್ಧತಿಯಲ್ಲಿ ಇಲ್ಲ. ನೇರವಾಗಿ ಕೊಂಡರಾಯಿತಲ್ಲ ಎನ್ನಬಹುದು. ಎಪ್ಪತ್ತರ ಅಂಚಿನಲ್ಲಿರುವ, ಈಗಾಗಲೇ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ಹೊಸ ವೈಯಕ್ತಿಕ ಪಾಲಿಸಿ ಸಿಗುವುದು, ಸಿಕ್ಕರೂ ಮೊದಲಿನಿಂದ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯುವುದು ಎಷ್ಟು ಕಷ್ಟವೆಂಬುದು ಪ್ರಯತ್ನಿಸಿದವರಿಗೆ ಗೊತ್ತು. ಕಂಪನಿಯ ಗುಂಪು ವಿಮೆಯ ದೊಡ್ಡ ಗುಣವೇ ಸಾಮಾನ್ಯವಾಗಿ ಮೊದಲ ದಿನದಿಂದ ಹಳೆಯ ಕಾಯಿಲೆಗೂ ರಕ್ಷಣೆ ಕೊಡುವುದು. ಅತಿ ಹೆಚ್ಚು ಅಗತ್ಯವಿರುವವರಿಗೆ ಉಳಿದ ಒಂದೇ ಬಾಗಿಲಿನಲ್ಲಿ ಸುಂಕದ ಕಟ್ಟೆ ಇಟ್ಟಂತಾಗಿದೆ.

ಆ ಬಾಗಿಲೂ ಸವೆಯುತ್ತಿದೆ. ಮೊದಲು ಎಲ್ಲ ಉದ್ಯೋಗಿಗಳ ತಂದೆತಾಯಿಯರೂ ತಾನೇ ತಾನಾಗಿ ಪಾಲಿಸಿಯಲ್ಲಿ ಸೇರುತ್ತಿದ್ದರು. ಕಂತು ಏರಿದಾಗ ಕಂಪನಿಗಳು ‘ಬೇಕಾದವರು ಹಣ ಕಟ್ಟಿ ಸೇರಿಸಿಕೊಳ್ಳಿ’ ಎಂದವು. ಆಗ ಗಟ್ಟಿಮುಟ್ಟಾದ ತಂದೆತಾಯಿಯರಿರುವ ಇಪ್ಪತ್ತೈದರ ತರುಣರು ಹೊರಗುಳಿದರು; ಆಸ್ಪತ್ರೆಯ ದಾರಿ ಸವೆಸುತ್ತಿರುವವರ ಮಕ್ಕಳು ಮಾತ್ರ ಸೇರಿದರು. ಗುಂಪಿನಲ್ಲಿ ರೋಗಿಗಳೇ ಉಳಿದ ಮೇಲೆ ಕ್ಲೇಮು ಏರಿತು, ಮರುವರ್ಷ ಕಂತು ಇನ್ನಷ್ಟು ಏರಿತು, ಮತ್ತೊಂದಿಷ್ಟು ಜನ ಬಿಟ್ಟರು. ಈ ಇಳಿಜಾರಿನ ಕೊನೆಯಲ್ಲಿ ಒಂದು ದಿನ ‘ಸಾಕಷ್ಟು ಜನ ಸೇರದ ಕಾರಣ ಪೋಷಕರ ಪಾಲಿಸಿಯನ್ನು ನಿಲ್ಲಿಸಲಾಗಿದೆ’ ಎಂಬ ಸೂಚನೆ ಬರುತ್ತದೆ. ಆಯ್ಕೆಯ ಸ್ವಾತಂತ್ರ್ಯ ಎಂದು ಬಣ್ಣಿಸಿ ಕೊಟ್ಟದ್ದು ಹೀಗೆ ಇದ್ದದ್ದನ್ನೂ ಕಿತ್ತುಕೊಳ್ಳುತ್ತದೆ. ತರುಣ ಉದ್ಯೋಗಿಗಳು ಇದನ್ನು ಗಮನಿಸಬೇಕು: ಇಂದು ತಮ್ಮ ತಂದೆ ಗಟ್ಟಿಯಿದ್ದಾರೆಂದು ಹೊರಗುಳಿದವರಿಗೆ ಹತ್ತು ವರ್ಷದ ಮೇಲೆ ಸೇರಲು ಗುಂಪೇ ಇರುವುದಿಲ್ಲ.

ಈ ಆಯ್ಕೆಯಲ್ಲಿ ವಿವಾಹಿತ ಹೆಣ್ಣುಮಕ್ಕಳ ಪಾಡು ಬೇರೆಯೇ. ಅನೇಕ ಪಾಲಿಸಿಗಳು ಉದ್ಯೋಗಿಗೆ ತಂದೆತಾಯಿ ಅಥವಾ ಅತ್ತೆಮಾವ, ಇಬ್ಬರಲ್ಲಿ ಒಂದು ಜೋಡಿಯನ್ನು ಮಾತ್ರ ಸೇರಿಸಲು ಬಿಡುತ್ತವೆ. ಗಂಡುಮಕ್ಕಳಿಗೆ ಇದು ಪ್ರಶ್ನೆಯೇ ಆಗುವುದಿಲ್ಲ. ಅವರು ಹೆತ್ತವರ ಹೆಸರು ಬರೆದು ಮುಗಿಸುತ್ತಾರೆ. ದುಡಿಯುವ ಸೊಸೆಯ ಕಾರ್ಡಿನಲ್ಲಿ ಅತ್ತೆಮಾವಂದಿರ ಹೆಸರೇ ಇರಬೇಕೆಂಬ ನಿರೀಕ್ಷೆ ಬಾಯಿಬಿಟ್ಟು ಹೇಳದೆಯೂ ಮನೆಯಲ್ಲಿರುತ್ತದೆ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಓದಿಸಿ ಬೆಳೆಸಿದ ಮಗಳ ಸಂಬಳದ ವಿಮೆ ಆ ತಂದೆತಾಯಿಗೆ ಸಿಗದೆ ಹೋಗುತ್ತದೆ. ಆಸ್ತಿಯಲ್ಲಿ ಮಗಳಿಗೆ ಸಮಪಾಲು ಕೊಟ್ಟ ಕಾನೂನಿನ ನೆಲದಲ್ಲಿ, ಪಡೆಯುವ ಹಕ್ಕು ಸಮನಾದರೆ ಪಾಲಿಸುವ ಹಕ್ಕೂ ಸಮನಾಗಬೇಕಲ್ಲವೇ? ಎರಡೂ ಜೋಡಿಗಳನ್ನು ಸೇರಿಸಲು ಅವಕಾಶ ಕೊಡಿ ಎಂದು ಕೇಳುವುದು ಎಚ್‌ಆರ್ ಮುಂದೆ ಮೊದಲ ಹೆಜ್ಜೆ. ಅದಾಗದಿದ್ದಲ್ಲಿ ಗಂಡನ ಕಾರ್ಡಿನಲ್ಲಿ ಗಂಡನ ಹೆತ್ತವರು, ಹೆಂಡತಿಯ ಕಾರ್ಡಿನಲ್ಲಿ ಹೆಂಡತಿಯ ಹೆತ್ತವರು ಎಂಬ ಸರಳ ನ್ಯಾಯವನ್ನು ಮನೆಯೊಳಗೇ ಜಾರಿಗೆ ತರಬಹುದು. ಅದಕ್ಕೆ ಯಾವ ಮಂಡಳಿಯ ಒಪ್ಪಿಗೆಯೂ ಬೇಡ.

ಇಷ್ಟೆಲ್ಲ ಕೊಟ್ಟು ಉಳಿಸಿಕೊಂಡ ವಿಮೆಯಾದರೂ ಯಾರದು? ಅದು ಮನುಷ್ಯನದಲ್ಲ, ಅವನು ಕೂತ ಕುರ್ಚಿಯದು. ರಾಜೀನಾಮೆ ಕೊಟ್ಟ ದಿನ, ಕೆಲಸ ಕಳೆದುಕೊಂಡ ದಿನ, ಐವತ್ತೆಂಟಕ್ಕೋ ಅರುವತ್ತಕ್ಕೋ ನಿವೃತ್ತನಾದ ದಿನ ಕಾರ್ಡು ನಿರ್ಜೀವವಾಗುತ್ತದೆ. ಮೂವತ್ತು ವರ್ಷ ಕ್ಲೇಮು ಮಾಡದೆ ಕಂತು ಕಟ್ಟಿಸಿಕೊಂಡವನಿಗೆ, ಕಾಯಿಲೆ ಬರುವ ವಯಸ್ಸಿನಲ್ಲಿ ರಕ್ಷಣೆಯಿಲ್ಲ. ತಂತ್ರಜ್ಞಾನ ಕಂಪನಿಗಳು ಸಾವಿರಗಟ್ಟಲೆ ಜನರನ್ನು ಮನೆಗೆ ಕಳುಹಿಸುವ ಈ ದಿನಗಳಲ್ಲಿ ನಲುವತ್ತೈದರ ಹರೆಯದಲ್ಲೇ ಅದು ಒದಗಬಹುದು. ಗುಂಪು ಪಾಲಿಸಿಯ ಸದಸ್ಯರು ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ವಲಸೆ ಹೋಗುವ ಹಕ್ಕನ್ನು, ಕಳೆದ ಕಾಯುವ ಅವಧಿಯ ಜಮೆಯ ಸಹಿತ, ವಿಮಾ ನಿಯಂತ್ರಣ ಪ್ರಾಧಿಕಾರವು ಕೊಟ್ಟಿದೆ. ಕೆಲಸ ಬಿಡುವವರ ಕೈಗೆ ಭವಿಷ್ಯನಿಧಿಯ ಅರ್ಜಿ ಕೊಡುವ ಎಷ್ಟು ಕಚೇರಿಗಳು ಈ ವಲಸೆಯ ಅರ್ಜಿಯನ್ನೂ ಕೊಡುತ್ತವೆ? ಕೊಟ್ಟರೂ, ಆರೋಗ್ಯ ಪರಿಶೀಲಿಸಿ ಷರತ್ತು ವಿಧಿಸುವ ಅಧಿಕಾರ ವಿಮಾ ಸಂಸ್ಥೆಯ ಕೈಯಲ್ಲೇ ಇರುತ್ತದೆ. 2025ರ ಜನವರಿಯಲ್ಲಿ ಪ್ರಾಧಿಕಾರವು ಹಿರಿಯ ನಾಗರಿಕರ ಕಂತನ್ನು ತನ್ನೊಡನೆ ಸಮಾಲೋಚಿಸದೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬಾರದೆಂದು ಆದೇಶಿಸಿತು. ಒಳ್ಳೆಯ ಆದೇಶ, ಆದರೆ ಅದೂ ವೈಯಕ್ತಿಕ ಪಾಲಿಸಿಗಳಿಗೆ. ಗುಂಪಿನಲ್ಲಿರುವ ಎಪ್ಪತ್ತರ ತಾಯಿಯನ್ನು ಯಾವ ಮಿತಿಯೂ ಕಾಯುವುದಿಲ್ಲ.

ಕೆಳ ಸಂಬಳದವರಿಗೆ ಈ ದೇಶ ಒಂದು ಕಾಲದಲ್ಲಿ ಬೇರೆ ದಾರಿ ಕಂಡುಕೊಂಡಿತ್ತು. ಪ್ರೊ. ಬಿ. ಪಿ. ಅಡಾರಕರ ಅವರು 1944ರಲ್ಲಿ ಕೊಟ್ಟ ವರದಿಯ ಆಧಾರದ ಮೇಲೆ ನೌಕರರ ರಾಜ್ಯ ವಿಮಾ ಕಾಯ್ದೆ 1948ರಲ್ಲಿ ಬಂತು. 1952ರಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಯೋಜನೆ ಆರಂಭವಾಯಿತು. ಅದರ ಲೆಕ್ಕ ಕಂಪನಿ ವಿಮೆಗೆ ತದ್ವಿರುದ್ಧ. ಸಂಬಳಕ್ಕೆ ತಕ್ಕ ಕೊಡುಗೆ, ರೋಗಕ್ಕೆ ತಕ್ಕ ಚಿಕಿತ್ಸೆ. ಯಾವ ಕಾರ್ಖಾನೆಯಲ್ಲಿ ಎಷ್ಟು ಮಂದಿ ಕಾಯಿಲೆ ಬಿದ್ದರು ಎಂದು ಯಾರೂ ಕೇಳುವುದಿಲ್ಲ. 2019ರ ಜುಲೈನಿಂದ ಮಾಲೀಕರ ಪಾಲು ಶೇ. 3.25, ನೌಕರರ ಪಾಲು ಶೇ. 0.75. ಅವಲಂಬಿತ ತಂದೆತಾಯಿಯರೂ ಇದರೊಳಗೆ ಬರುತ್ತಾರೆ. ಇಎಸ್‌ಐ ಆಸ್ಪತ್ರೆಗಳ ಸಾಲು, ಔಷಧದ ಕೊರತೆ, ಸಿಬ್ಬಂದಿಯ ಉದಾಸೀನಗಳನ್ನು ಕಂಡವರು ಅದನ್ನು ಹೊಗಳಲು ಹಿಂಜರಿಯುವುದು ಸಹಜ. ಆದರೂ ರೋಗಿಯ ಮೇಲೆ ದಂಡ ಹಾಕದ ವಿಮೆ ಈ ದೇಶದ ದುಡಿಯುವವರಿಗೆ ಸಿಕ್ಕಿದ್ದು ಅಲ್ಲಿಯೇ. ಅದರ ವೇತನ ಮಿತಿ 2006ರಲ್ಲಿ 10,000, 2010ರಲ್ಲಿ 15,000, 2017ರ ಜನವರಿಯಲ್ಲಿ 21,000 ರೂಪಾಯಿ ಆಯಿತು. ಆ ಮೇಲೆ ಎಂಟು ವರ್ಷ ದಾಟಿದರೂ ಅಲ್ಲೇ ನಿಂತಿತು. ಸಂಬಳ 21,000ದಿಂದ 22,000ಕ್ಕೆ ಏರಿದ ನೌಕರ ಸಾವಿರ ರೂಪಾಯಿ ಗಳಿಸಿ ಇಡೀ ಕುಟುಂಬದ ಚಿಕಿತ್ಸೆಯ ಹಕ್ಕನ್ನು ಕಳೆದುಕೊಂಡು, ಸಣ್ಣ ಕಂಪನಿಯ ದುಬಾರಿ ಗುಂಪು ವಿಮೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಬಡ್ತಿಗೆ ಇಂಥ ಶಿಕ್ಷೆ ಬೇರೆಲ್ಲೂ ಇರಲಾರದು.

ದೊಡ್ಡ ಗುಂಪು ಏನು ಮಾಡಬಲ್ಲದೆಂಬುದನ್ನು ಕರ್ನಾಟಕದ ಯಶಸ್ವಿನಿ ತೋರಿಸಿತ್ತು. 2003ರಲ್ಲಿ ಆರಂಭವಾದಾಗ ಸಹಕಾರ ಸಂಘಗಳ ರೈತ ಸದಸ್ಯರು ತಿಂಗಳಿಗೆ 5 ರೂಪಾಯಿಯಂತೆ ಕಟ್ಟಿದರು. ಸರಕಾರ ತನ್ನ ಪಾಲು ಸೇರಿಸಿತು. ವಿಮಾ ಸಂಸ್ಥೆಯ ನೆರವಿಲ್ಲದೆ ಒಂದು ಟ್ರಸ್ಟ್ ಆಸ್ಪತ್ರೆಗಳೊಡನೆ ಶಸ್ತ್ರಚಿಕಿತ್ಸೆಯ ದರಗಳನ್ನು ಮೊದಲೇ ಗೊತ್ತುಮಾಡಿಕೊಂಡಿತು. ಹೃದಯದ ಶಸ್ತ್ರಚಿಕಿತ್ಸೆಯೂ ಅದರಲ್ಲಿತ್ತು. ಮುಂದೆ ಅದು ಕುಂಟಿತು, 2018ರಲ್ಲಿ ಬೇರೆ ಯೋಜನೆಯಲ್ಲಿ ವಿಲೀನವಾಯಿತು, 2022ರಲ್ಲಿ ಮತ್ತೆ ಬಂತು. ಆ ಕತೆ ಬೇರೆ. ಗುಂಪು ದೊಡ್ಡದಿರಬೇಕು ಮತ್ತು ದರ ಮೊದಲೇ ನಿಶ್ಚಯವಾಗಿರಬೇಕು ಎಂಬ ಎರಡು ಸೂತ್ರಗಳು ಮಾತ್ರ ಇಂದಿಗೂ ಸುಳ್ಳಾಗಿಲ್ಲ.

ಹಾಗಿದ್ದರೆ ಸಮಾಜದ ಸಂಘಗಳೇ ಒಂದು ಗುಂಪು ಪಾಲಿಸಿ ಮಾಡಿಸಬಾರದೇಕೆ ಎಂಬ ಸಲಹೆ ಹೊರನಾಡ ಸಮ್ಮೇಳನಗಳಲ್ಲಿ ಆಗಾಗ ಕೇಳಿಬರುತ್ತದೆ. ಉದ್ದೇಶ ಒಳ್ಳೆಯದು, ಎಚ್ಚರಿಕೆ ಅಗತ್ಯ. ವಿಮೆಗಾಗಿಯೇ ಕಟ್ಟಿದ ಗುಂಪನ್ನು ನಿಯಮ ಒಪ್ಪುವುದಿಲ್ಲ. ಬೇರೆ ಉದ್ದೇಶದಿಂದ ಇರುವ ಸಂಘ ಮಾಡಿಸಬಹುದು. ಆದರೆ ಸ್ವಇಚ್ಛೆಯಿಂದ ಸೇರುವ ಸಂಘದಲ್ಲಿ ವಯಸ್ಸಾದವರೂ ರೋಗಿಗಳೂ ಮೊದಲು ಸೇರುತ್ತಾರೆ. ಮೇಲೆ ಹೇಳಿದ ಪೋಷಕರ ಪಾಲಿಸಿಯ ಇಳಿಜಾರು ಇಲ್ಲಿಯೂ ಕಾದಿರುತ್ತದೆ. ಆಹಾರ, ಶಾಸ್ತ್ರ, ಅಭಯಗಳ ಜೊತೆ ಔಷಧದಾನವನ್ನೂ ಶ್ರಾವಕನ ಕರ್ತವ್ಯವೆಂದು ಎಣಿಸಿದ ಸಮಾಜಕ್ಕೆ ಇದಕ್ಕಿಂತ ಹೊಂದುವ ಕೆಲಸಗಳಿವೆ. ಕೆಲಸ ಕಳೆದುಕೊಂಡ ಕುಟುಂಬದ ಒಂದು ವರ್ಷದ ಕಂತನ್ನು ಟ್ರಸ್ಟುಗಳು ಭರಿಸಬಹುದು. ಕ್ಲೇಮು ತಿರಸ್ಕೃತವಾದವರಿಗೆ ವಿಮಾ ಲೋಕಪಾಲರಿಗೆ ದೂರು ಬರೆದುಕೊಡುವ ಇಬ್ಬರು ತಿಳಿದವರನ್ನು ಪ್ರತಿ ನಗರದಲ್ಲಿ ಗೊತ್ತುಮಾಡಬಹುದು. 70 ದಾಟಿದ ಎಲ್ಲರಿಗೂ, ಆದಾಯ ನೋಡದೆ, ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದ ಚಿಕಿತ್ಸೆಯನ್ನು ಆಯುಷ್ಮಾನ್ ಭಾರತ್ ಅಡಿ 2024ರ ಅಕ್ಟೋಬರ್ 29ರಿಂದ ಕೇಂದ್ರ ವಿಸ್ತರಿಸಿದೆ. ಖಾಸಗಿ ವಿಮೆ ಅಥವಾ ಇಎಸ್‌ಐ ಇದ್ದವರಿಗೂ ಅದು ಅನ್ವಯಿಸುತ್ತದೆ. ಜಾರಿ ರಾಜ್ಯಗಳ ಕೈಯಲ್ಲಿದ್ದು, ವೇಗ ಎಲ್ಲೆಡೆ ಒಂದೇ ಅಲ್ಲ. ಊರಿನಲ್ಲಿರುವ ಹಿರಿಯರ ಕಾರ್ಡಿನ ಬಗ್ಗೆ ವಿಚಾರಿಸಿ ಮಾಡಿಸಿಕೊಡುವುದು ರಜೆಗೆ ಹೋದ ಮಕ್ಕಳ ಒಂದು ದಿನದ ಕೆಲಸ.

ಜನರು ಚಿಕಿತ್ಸೆಗಾಗಿ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಒಟ್ಟು ಆರೋಗ್ಯ ವೆಚ್ಚದ ಶೇ. 64.2 ಇದ್ದದ್ದು 2021-22ಕ್ಕೆ ಶೇ. 39.4ಕ್ಕೆ ಇಳಿಯಿತು ಎಂದು ಸರಕಾರ ಹೆಮ್ಮೆಪಡುತ್ತದೆ. ಮಧ್ಯಮ ವರ್ಗ ಕಟ್ಟುವ ವಿಮಾ ಕಂತು ಆ ಲೆಕ್ಕದಲ್ಲಿ ಜೇಬಿನ ಖರ್ಚೆಂದು ಎಣಿಕೆಯಾಗುವುದಿಲ್ಲ. ಹೊರೆ ಇಳಿದದ್ದರಲ್ಲಿ ಎಷ್ಟು ನಿಜವಾಗಿ ಇಳಿದದ್ದು, ಎಷ್ಟು ಹೆಗಲು ಬದಲಿಸಿದ್ದು ಎಂದು ಕೇಳಬೇಕಾದವರು ಚುನಾಯಿತ ಪ್ರತಿನಿಧಿಗಳು.

ಕೇಳಲು ವೇದಿಕೆಯೂ ಇದೆ. ಗುಂಪು ವಿಮೆಯ ಮೇಲಿನ ಶೇ. 18ನ್ನು ತೆಗೆಯುವುದು ಸಂಸತ್ತಿನಲ್ಲಿ ಅಲ್ಲ, ಜಿಎಸ್‌ಟಿ ಮಂಡಳಿಯಲ್ಲಿ ತೀರ್ಮಾನವಾಗಬೇಕಾದದ್ದು. ಅಲ್ಲಿ ಕೇಂದ್ರದ ಮತಕ್ಕೆ ಮೂರನೆಯ ಒಂದು ತೂಕ, ಎಲ್ಲ ರಾಜ್ಯಗಳ ಮತಕ್ಕೆ ಒಟ್ಟು ಮೂರನೆಯ ಎರಡು ತೂಕ. ನಿರ್ಣಯಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣ, ದೆಹಲಿ, ಕರ್ನಾಟಕ ಐದಕ್ಕೂ ಅಲ್ಲಿ ಒಂದೊಂದು ಕುರ್ಚಿಯಿದೆ. ಹೊರನಾಡ ಕನ್ನಡಿಗರು ಮತ ಹಾಕುವುದು ಇವೇ ರಾಜ್ಯಗಳಲ್ಲಿ. ಐದೂ ಕಡೆ ಆಳುವ ಪಕ್ಷಗಳು ಒಂದೇ ಅಲ್ಲ. ವೈಯಕ್ತಿಕ ವಿಮೆಯ ತೆರಿಗೆ ತೆಗೆದಾಗ ಒಬ್ಬ ಕೇಂದ್ರ ಸಚಿವರ ಪತ್ರ ಮತ್ತು ವಿರೋಧ ಪಕ್ಷಗಳ ಪ್ರತಿಭಟನೆ ಒಂದೇ ಬೇಡಿಕೆಯನ್ನು ಮುಂದಿಟ್ಟಿದ್ದವು. ಗುಂಪು ವಿಮೆಯ ಪರವಾಗಿ ಅಂಥ ಪತ್ರವೊಂದು ಈ ಐದು ರಾಜ್ಯಗಳ ಹಣಕಾಸು ಸಚಿವರ ಮೇಜಿಗೆ, ಮಂಡಳಿಯ ಮುಂದಿನ ಸಭೆಗೆ ಮೊದಲು, ಪ್ರತಿ ನಗರದ ಕನ್ನಡ ಸಂಘದಿಂದ ತಲುಪಬೇಕು.